ಫಿಲ್ಮ್ ಕಂಪನಿಗೆ ಹೇಳಿದರು, ಅಮ್ಮಂದಿರಿಗೆ ಹೇಳಲಿಲ್ಲ

(ಇದು ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ಅಂಕಿಅಂಶಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಅಣುಬಾಂಬ್ ಅಂದ ಕೂಡಲೇ ನಮಗೆ ನೆನಪಾಗುವುದು ಹಿರೋಷಿಮಾ, ನಾಗಸಾಕಿ. ಅವೆರಡು ಯುದ್ಧದಲ್ಲಿ ಹಾಕಿದ ಬಾಂಬುಗಳು. ಇವತ್ತು ನಾನು ಮಾತಾಡುವುದು ಯುದ್ಧವೇ ಇಲ್ಲದೆ ಸಿಡಿದ ಬಾಂಬುಗಳ ಬಗ್ಗೆ. 1945ರಿಂದ 1980ರವರೆಗೆ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್, ಚೀನಾ ಸೇರಿ ಬರೀ ಪರೀಕ್ಷೆಗೆ ಅಂತ ಬಯಲಿನಲ್ಲಿ, ಆಕಾಶದಲ್ಲಿ, ಸಮುದ್ರದ ಮೇಲೆ 500ಕ್ಕೂ ಹೆಚ್ಚು ಬಾಂಬುಗಳನ್ನು ಸಿಡಿಸಿದವು. ಅವುಗಳ ಧೂಳು ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಹೋಯಿತು, ಮಳೆಯ ಜೊತೆ ಕೆಳಗಿಳಿಯಿತು, ಹುಲ್ಲಿನ ಮೇಲೆ ಕೂತಿತು. ಆ ಹುಲ್ಲನ್ನು ಹಸು ತಿಂದಿತು. ಹಸುವಿನ ಹಾಲನ್ನು ಮಕ್ಕಳು ಕುಡಿದರು.

ಇದು ಮೊದಲು ಯಾರ ಗಮನಕ್ಕೆ ಬಂತು ಗೊತ್ತಾ? ಡಾಕ್ಟರಿಗಲ್ಲ, ರೈತರಿಗಲ್ಲ. ಕೊಡಾಕ್ ಕಂಪನಿಗೆ. 1945ರ ಜುಲೈ 16ಕ್ಕೆ ನ್ಯೂ ಮೆಕ್ಸಿಕೋದಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ ಆಯಿತು, ಟ್ರಿನಿಟಿ ಅಂತ ಅದರ ಹೆಸರು. ಆಮೇಲೆ ಕೊಡಾಕ್‌ನ ಎಕ್ಸ್‌ರೇ ಫಿಲ್ಮ್‌ಗಳಲ್ಲಿ ಮಸುಕು ಮಸುಕಾದ ಚುಕ್ಕೆಗಳು ಕಾಣಿಸತೊಡಗಿದವು. ಡಬ್ಬಿ ತೆರೆದೇ ಇಲ್ಲ, ಬೆಳಕು ತಾಗಿಲ್ಲ, ಆದರೂ ಫಿಲ್ಮ್ ಹಾಳು. ಕಂಪನಿಯ ವಿಜ್ಞಾನಿ ಜೂಲಿಯನ್ ವೆಬ್ ಇದರ ಬೆನ್ನು ಹತ್ತಿದರು. ಫಿಲ್ಮ್‌ಗಳ ನಡುವೆ ಇಡುತ್ತಿದ್ದ ರಟ್ಟಿನಲ್ಲೇ ತೊಂದರೆ ಇತ್ತು. ಆ ರಟ್ಟು ತಯಾರಾಗಿದ್ದು ಇಂಡಿಯಾನಾ ರಾಜ್ಯದ ವಿನ್‌ಸೆನ್ಸ್ ಊರಿನ ಕಾರ್ಖಾನೆಯಲ್ಲಿ. ಪರೀಕ್ಷೆ ನಡೆದ ಜಾಗದಿಂದ 1500 ಕಿಲೋಮೀಟರ್‌ಗೂ ದೂರ. ಮಳೆ ತಂದ ಬಾಂಬಿನ ಧೂಳು ನದಿ ನೀರಿಗೆ ಸೇರಿ, ಆ ನೀರು ಬಳಸಿದ ರಟ್ಟಿಗೆ ಸೇರಿ, ಫಿಲ್ಮ್ ಹಾಳುಮಾಡಿತ್ತು.

ಮುಂದೆ 1951ರ ಜನವರಿಯಲ್ಲಿ ಅಮೆರಿಕ ತನ್ನ ನೆವಾಡಾ ಮರುಭೂಮಿಯಲ್ಲೇ ಪರೀಕ್ಷೆ ಶುರು ಮಾಡಿತು. ಕೆಲವೇ ದಿನಗಳಲ್ಲಿ ದೇಶದ ಇನ್ನೊಂದು ತುದಿಯ ರಾಚೆಸ್ಟರ್‌ನಲ್ಲಿ, ಅಂದರೆ ಕೊಡಾಕ್‌ನ ಊರಿನಲ್ಲಿ, ಬಿದ್ದ ಹಿಮದಲ್ಲಿ ವಿಕಿರಣ ಸಿಕ್ಕಿತು. ಕಂಪನಿ ದೂರು ಕೊಟ್ಟಿತು. ಫಿಲ್ಮ್ ತಯಾರಕರ ಸಂಘ, ಪರೀಕ್ಷೆ ನಡೆಸುತ್ತಿದ್ದ ಸರ್ಕಾರದ ಅಣುಶಕ್ತಿ ಆಯೋಗಕ್ಕೆ ತಂತಿ ಕಳಿಸಿತು. ಆಯೋಗ ಒಪ್ಪಿಕೊಂಡಿತು. ಮುಂದೆ ಪರೀಕ್ಷೆ ಮಾಡುವಾಗ ಧೂಳು ಯಾವ ಕಡೆ ಹೋಗಬಹುದು ಅನ್ನುವ ಮಾಹಿತಿ ಫಿಲ್ಮ್ ಕಂಪನಿಗಳಿಗೆ ಮೊದಲೇ ಸಿಗತೊಡಗಿತು. ಹಾಲು ಕರೆಯುವ ರೈತರಿಗೆ, ಆ ಹಾಲನ್ನು ಮಗುವಿನ ಬಾಟಲಿಗೆ ತುಂಬಿಸುವ ಅಮ್ಮಂದಿರಿಗೆ ಅದೇ ಮಾಹಿತಿ ಸಿಗಲಿಲ್ಲ. ಈ ಒಪ್ಪಂದದ ಕಥೆ ಅಮೆರಿಕದ ಸೆನೆಟ್‌ನಲ್ಲಿ ಚರ್ಚೆಗೆ ಬಂದಿದ್ದು 1997ರಲ್ಲಿ. ಅಷ್ಟರಲ್ಲಿ ಆ ಮಕ್ಕಳು ಮಧ್ಯವಯಸ್ಸಿಗೆ ಬಂದಿದ್ದರು.

ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯಾಕೆ ಸಿಟ್ಟು ಅಂತ ಹೇಳಬೇಕಾದರೆ ಹಾಲಿನ ಲೆಕ್ಕ ಹೇಳಬೇಕು.

ಬಾಂಬ್ ಸಿಡಿದಾಗ ನೂರಾರು ಬಗೆಯ ವಿಕಿರಣಶೀಲ ವಸ್ತುಗಳು ಹುಟ್ಟುತ್ತವೆ. ಊಟದ ಮಟ್ಟಿಗೆ ಮೂರನ್ನು ನೆನಪಿಟ್ಟುಕೊಂಡರೆ ಸಾಕು. ಅಯೋಡಿನ್-131, ಸ್ಟ್ರಾಂಷಿಯಂ-90, ಸೀಸಿಯಂ-137. ಮೂರೂ ನಮ್ಮ ದೇಹದ ಒಳಗೆ ಸಲೀಸಾಗಿ ಹೋಗುತ್ತವೆ. ಅಯೋಡಿನ್ ನಮಗೆ ಬೇಕಾದ್ದೇ, ಹಾಗಾಗಿ ಥೈರಾಯ್ಡ್ ಗ್ರಂಥಿ ಅದನ್ನು ಎಳೆದುಕೊಳ್ಳುತ್ತದೆ, ಇದು ಬಾಂಬಿನದಾ ಸಮುದ್ರದ್ದಾ ಅಂತ ನೋಡುವುದಿಲ್ಲ. ಸ್ಟ್ರಾಂಷಿಯಂ ಗುಣದಲ್ಲಿ ಕ್ಯಾಲ್ಸಿಯಂಗೆ ಹತ್ತಿರ, ಮೂಳೆ-ಹಲ್ಲಿನಲ್ಲಿ ಕೂರುತ್ತದೆ. ಸೀಸಿಯಂ ಪೊಟ್ಯಾಸಿಯಂ ತರಹ, ಮಾಂಸಖಂಡಗಳಿಗೆ ಹೋಗುತ್ತದೆ.

ಅಯೋಡಿನ್-131ರ ಆಯುಷ್ಯ ಚಿಕ್ಕದು. ಎಂಟು ದಿನಕ್ಕೆ ಅದರ ಅರ್ಧ ಕಳೆದುಹೋಗುತ್ತದೆ, ಇನ್ನೆಂಟು ದಿನಕ್ಕೆ ಉಳಿದುದರ ಅರ್ಧ. ಎರಡು ತಿಂಗಳು ಕಳೆದರೆ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಆದರೆ ಹಾಲು ಎರಡು ತಿಂಗಳು ಕಾಯುವುದಿಲ್ಲ ಅಲ್ವಾ? ಹಸು ದಿನವಿಡೀ ಮೇಯುತ್ತಾ ಎಷ್ಟೋ ಜಾಗದ ಹುಲ್ಲಿನ ಮೇಲಿನ ಧೂಳನ್ನು ಒಟ್ಟುಮಾಡುತ್ತದೆ. ಒಂದೆರಡು ದಿನದಲ್ಲಿ ಅದರ ಅಯೋಡಿನ್ ಹಾಲಿಗೆ ಬರುತ್ತದೆ. ಮರುದಿನ ಆ ಹಾಲು ಮನೆಯಲ್ಲಿ. ಜಾಸ್ತಿ ಹಾಲು ಕುಡಿಯುವವರು ಮಕ್ಕಳು, ಅವರ ಥೈರಾಯ್ಡ್ ಗ್ರಂಥಿ ಒಂದೆರಡು ಗ್ರಾಂ ಅಷ್ಟೆ. ಒಂದು ಚಮಚ ಉಪ್ಪನ್ನು ದೊಡ್ಡ ಪಾತ್ರೆ ಸಾರಿಗೆ ಹಾಕಿದರೆ ರುಚಿ, ಅದೇ ಉಪ್ಪನ್ನು ಒಂದು ಬಟ್ಟಲಿಗೆ ಸುರಿದರೆ ಬಾಯಿಗಿಡಲು ಆಗುವುದಿಲ್ಲ. ಮಕ್ಕಳ ಗ್ರಂಥಿಯಲ್ಲಿ ಆಗುವುದೂ ಅದೇ. ಮೇಕೆ ಹಾಲಾದರೆ ಇನ್ನೂ ಕಷ್ಟ, ಅಯೋಡಿನ್ ಅದರಲ್ಲಿ ಹಸುವಿನ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು ಸೇರುತ್ತದೆ.

ಅಂದಮೇಲೆ ಪರಿಹಾರ ಎಷ್ಟು ಸುಲಭ ಇತ್ತು ನೋಡಿ. ಧೂಳು ಬಿದ್ದ ಕೆಲವು ವಾರ ಹಸುಗಳನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲಿ ಒಣಹುಲ್ಲು ಹಾಕಿದ್ದರೆ ಸಾಕಿತ್ತು. ಆ ಹಾಲನ್ನು ಚೀಸ್ ಮಾಡಿ, ಪುಡಿ ಮಾಡಿ, ಒಂದೆರಡು ತಿಂಗಳು ಗೋಡೌನಿನಲ್ಲಿ ಇಟ್ಟಿದ್ದರೂ ಸಾಕಿತ್ತು. ಮಕ್ಕಳಿಗೆ ಆಗ ಹಳೆಯ ಹಾಲಿನ ಪುಡಿ ಕೊಡಬಹುದಿತ್ತು. ಇದು ಈಗ ಕೂತು ಹೇಳುವ ಮಾತು ಅಂದುಕೊಳ್ಳಬೇಡಿ. 1962ರ ಬೇಸಿಗೆಯಲ್ಲಿ ಯೂಟಾ ರಾಜ್ಯದಲ್ಲಿ ಹಾಲಿನಲ್ಲಿ ಅಯೋಡಿನ್ ಏರಿದಾಗ, ಅಲ್ಲಿಯ ವಿಶ್ವವಿದ್ಯಾಲಯದ ರಾಬರ್ಟ್ ಪೆಂಡಲ್ಟನ್ ಅದನ್ನು ಅಳೆದು ಎಚ್ಚರಿಸಿದಾಗ, ರಾಜ್ಯದ ಆರೋಗ್ಯ ಇಲಾಖೆ ಇದನ್ನೇ ಮಾಡಿತು. ರೈತರಿಗೆ ಒಣಮೇವು ಹಾಕಲು ಹೇಳಿತು, ಹಾಲನ್ನು ಬೇರೆ ತಯಾರಿಕೆಗೆ ತಿರುಗಿಸಿತು. ಆಯಿತಲ್ಲ! 1951ರಲ್ಲೂ, 53ರಲ್ಲೂ, 57ರಲ್ಲೂ ಮಾಡಬಹುದಿತ್ತು.

ಮಾಡದೆ ಇದ್ದುದರ ಲೆಕ್ಕ ಕೇಳಿ. ನೆವಾಡಾ ಪರೀಕ್ಷೆಗಳಿಂದ ಜನರ ಥೈರಾಯ್ಡ್‌ಗೆ ಎಷ್ಟು ವಿಕಿರಣ ತಾಗಿದೆ ಅಂತ ಲೆಕ್ಕ ಹಾಕಿ ಅಂತ ಅಮೆರಿಕದ ಸಂಸತ್ತು ಕಾನೂನು ಮಾಡಿದ್ದು 1983ರಲ್ಲಿ. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಪೂರ್ತಿ ವರದಿ ಹೊರಹಾಕಿದ್ದು 1997ರಲ್ಲಿ. ಹದಿನಾಲ್ಕು ವರ್ಷ! ಹೊರಬಿದ್ದ ಅಯೋಡಿನ್-131 ಸುಮಾರು 15 ಕೋಟಿ ಕ್ಯೂರಿ (ವಿಕಿರಣ ಅಳೆಯುವ ಒಂದು ಮಾನ) ಅಂತ ಅದು ಹೇಳಿತು. 1986ರಲ್ಲಿ ಅಣು ವಿದ್ಯುತ್ ಸ್ಥಾವರ ಸಿಡಿದ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ಹೊರಬಂದಿದ್ದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಮೂರು ಪಟ್ಟು. ಅತಿ ಹೆಚ್ಚು ಪೆಟ್ಟು ಬಿದ್ದ ಜಿಲ್ಲೆಗಳು ನೆವಾಡಾದಲ್ಲಿ ಇರಲಿಲ್ಲ. ಅವು ನೂರಾರು ಕಿಲೋಮೀಟರ್ ಉತ್ತರದ ಐಡಹೋ, ಮೊಂಟಾನಾ ರಾಜ್ಯಗಳಲ್ಲಿದ್ದವು. ಅಲ್ಲಿಯ ಜೆಮ್, ಕಸ್ಟರ್, ಮೀಗರ್ ಕೌಂಟಿಗಳ ರೈತರು ಬಾಂಬನ್ನು ನೋಡಿಯೂ ಇರಲಿಲ್ಲ. ಧೂಳಿನ ಮೋಡ ಹಾದು ಹೋಗುವಾಗ ಎಲ್ಲಿ ಮಳೆ ಬಿತ್ತೋ ಅಲ್ಲಿ ಹುಲ್ಲು ಕೆಟ್ಟಿತು, ಅಷ್ಟೆ. ಇದರಿಂದ ಜನರ ಜೀವಮಾನದಲ್ಲಿ 11,300ರಿಂದ 2,12,000ದವರೆಗೆ ಹೆಚ್ಚುವರಿ ಥೈರಾಯ್ಡ್ ಕ್ಯಾನ್ಸರ್ ಬರಬಹುದು ಅಂತ ಅಂದಾಜು. ಎರಡು ಅಂಕಿಗಳ ನಡುವೆ ಇಷ್ಟು ಅಂತರ ಯಾಕೆ ಅಂದರೆ, ಯಾವ ಮಗು ಯಾವ ವಾರ ಯಾವ ಹಸುವಿನ ಹಾಲು ಎಷ್ಟು ಕುಡಿಯಿತು ಅಂತ ನಲವತ್ತು ವರ್ಷ ಆದಮೇಲೆ ಯಾರು ಹೇಳಬೇಕು? ಆಗಲೇ ಊರೂರಿನ ಹಾಲು ಅಳೆದಿದ್ದರೆ ಗೊತ್ತಿರುತ್ತಿತ್ತು. ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿನವರಲ್ಲಿ ವಾಸಿಯಾಗುತ್ತದೆ ನಿಜ, ಆದರೆ ಆಪರೇಷನ್ ಆದವರು ದಿನಾ ಬೆಳಿಗ್ಗೆ ಜೀವನಪೂರ್ತಿ ಮಾತ್ರೆ ನುಂಗಬೇಕು.

ಇನ್ನು ಪೆಸಿಫಿಕ್ ಸಾಗರದ ಕಡೆ ಬನ್ನಿ. 1954ರ ಮಾರ್ಚ್ 1ರ ಬೆಳಗಿನ ಜಾವ ಮಾರ್ಷಲ್ ದ್ವೀಪಗಳ ಬಿಕಿನಿಯಲ್ಲಿ ಅಮೆರಿಕ 'ಬ್ರಾವೋ' ಅನ್ನುವ ಹೈಡ್ರೋಜನ್ ಬಾಂಬ್ ಸಿಡಿಸಿತು. ಸುಮಾರು 6 ಮೆಗಾಟನ್ ಅಂದುಕೊಂಡಿದ್ದು 15 ಮೆಗಾಟನ್ ಆಯಿತು (ಒಂದು ಮೆಗಾಟನ್ ಅಂದರೆ ಹತ್ತು ಲಕ್ಷ ಟನ್ ಸಿಡಿಮದ್ದಿನ ಶಕ್ತಿ). ಹವಳದ ದಿಬ್ಬವೇ ಪುಡಿಯಾಗಿ ಆಕಾಶಕ್ಕೆ ಹೋಗಿ, ಕೆಲವು ಗಂಟೆ ಬಿಟ್ಟು ಪೂರ್ವದ ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿಯಾಗಿ ಸುರಿಯಿತು. ದ್ವೀಪದಲ್ಲಿ 64 ಜನ ಇದ್ದರು. ಅದು ಏನಂತ ಅವರಿಗೆ ಯಾರೂ ಹೇಳಿರಲಿಲ್ಲ. ಮಕ್ಕಳು ಅದರಲ್ಲಿ ಆಡಿದರು. ಮಳೆನೀರಿನ ತೊಟ್ಟಿಗೆ ಬಿತ್ತು, ಆ ನೀರು ಕುಡಿದರು. ಅಡುಗೆ ಮೇಲೆ ಬಿತ್ತು, ಉಂಡರು. ರಾತ್ರಿ ಹೊತ್ತಿಗೆ ಮೈ ತುರಿಕೆ, ವಾಂತಿ. ಆಮೇಲೆ ಚರ್ಮ ಸುಟ್ಟಿತು, ಕೂದಲು ಉದುರಿತು. ಅವರನ್ನು ಹಡಗಿನಲ್ಲಿ ಕರೆದೊಯ್ದದ್ದು ಎರಡು ದಿನ ಆದಮೇಲೆ.

ಅದೇ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿ, ಲಕ್ಕಿ ಡ್ರ್ಯಾಗನ್ ಮೇಲೂ ಬಿತ್ತು. 23 ಜನ ಅದರಲ್ಲಿದ್ದರು. ರೇಡಿಯೋ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮಾ ಆ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಜಪಾನಿನ ಬಂದರುಗಳಲ್ಲಿ ಮೀನಿನ ರಾಶಿಗೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು ನೋಡುವುದು ಶುರುವಾಯಿತು, ನೂರಾರು ಟನ್ ಟ್ಯೂನಾ ಮೀನನ್ನು ಹೂತರು, ಸಮುದ್ರಕ್ಕೆ ಎಸೆದರು. ಟೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಬಾಂಬ್ ಪರೀಕ್ಷೆ ನಿಲ್ಲಿಸಿ ಅಂತ ಸಹಿ ಸಂಗ್ರಹಕ್ಕೆ ಇಳಿದರು. ಅದು ದೇಶದ ತುಂಬಾ ಹಬ್ಬಿ ಮೂರು ಕೋಟಿ ದಾಟಿತು. ಬ್ರಾವೋ ಆದ ಒಂದೇ ತಿಂಗಳಿಗೆ, 1954ರ ಏಪ್ರಿಲ್ 2ರಂದು, ನೆಹರೂ ಲೋಕಸಭೆಯಲ್ಲಿ ನಿಂತು ಪರೀಕ್ಷೆಗಳನ್ನು ತಕ್ಷಣ ನಿಲ್ಲಿಸುವ ಒಪ್ಪಂದ ಆಗಬೇಕು ಅಂದರು. ಈ ಬೇಡಿಕೆಯನ್ನು ಜಗತ್ತಿನ ಮುಂದೆ ಮೊದಲು ಇಟ್ಟ ದೇಶದ ನಾಯಕರಲ್ಲಿ ಅವರೊಬ್ಬರು. ಇದು ನಮ್ಮ ಮಕ್ಕಳಿಗೆ ಗೊತ್ತಿರಬೇಕಾದ ವಿಷಯ.

ರೊಂಗೆಲಾಪ್ ಜನರನ್ನು 1957ರಲ್ಲಿ ವಾಪಸ್ ತಂದು ಬಿಟ್ಟರು, ಇನ್ನು ಪರವಾಗಿಲ್ಲ ಅಂತ. ಬಂದವರು ಅಲ್ಲಿಯ ತೆಂಗಿನಕಾಯಿ, ಮೀನು ತಿಂದರು, ಇನ್ನೇನು ತಿನ್ನಬೇಕು? ಮೈಯಲ್ಲಿ ಸೀಸಿಯಂ ಏರಿತು. ಅಮೆರಿಕದ ಡಾಕ್ಟರುಗಳು ವರ್ಷಕ್ಕೊಮ್ಮೆ ಬಂದು ಅಳೆದುಕೊಂಡು ಹೋದರು. ತೆಂಗಿನ ಏಡಿ ಅಂತ ಒಂದು ದೊಡ್ಡ ಏಡಿ ಇದೆ ಅಲ್ಲಿ, ಅವರಿಗೆ ಹಬ್ಬದೂಟ ಇದ್ದ ಹಾಗೆ. ಅದರಲ್ಲಿ ಸ್ಟ್ರಾಂಷಿಯಂ ಜಾಸ್ತಿ ಇದೆ, ತಿನ್ನಬೇಡಿ ಅಂದರು. 1963ರಿಂದ ಥೈರಾಯ್ಡ್ ಗಂಟುಗಳು ಕಾಣಿಸಿಕೊಂಡವು. ಬ್ರಾವೋ ದಿನ ಹತ್ತು ವರ್ಷದ ಒಳಗಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಮುಂದೆ ಗಂಟು ಬಂತು, ಇಬ್ಬರು ಹುಡುಗರ ಬೆಳವಣಿಗೆಯೇ ನಿಂತುಹೋಗಿತ್ತು. ಆ ದಿನ ಒಂದು ವರ್ಷದ ಕೂಸಾಗಿದ್ದ ಒಬ್ಬ 19ನೇ ವಯಸ್ಸಿಗೆ, 1972ರಲ್ಲಿ, ಲ್ಯುಕೇಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರ್‌ನಿಂದ, ಸತ್ತ. ಕೊನೆಗೆ 1985ರಲ್ಲಿ ಇಡೀ ಊರಿನವರು ಗ್ರೀನ್‌ಪೀಸ್ ಅನ್ನುವ ಪರಿಸರ ಸಂಘಟನೆಯ ಹಡಗಿನಲ್ಲಿ ಮನೆಯ ಮರಮಟ್ಟು ಸಮೇತ ದ್ವೀಪ ಬಿಟ್ಟು ಹೊರಟರು.

ಸೋವಿಯತ್ ಕಡೆ ಇದಕ್ಕಿಂತ ಚೆನ್ನಾಗಿರಲಿಲ್ಲ. ಕಜಾಕಸ್ತಾನದ ಸೆಮಿಪಲಟಿನ್ಸ್ಕ್‌ನಲ್ಲಿ 1949ರಿಂದ 1989ರವರೆಗೆ 456 ಪರೀಕ್ಷೆ ನಡೆದವು, ಅದರಲ್ಲಿ ನೂರಕ್ಕೂ ಹೆಚ್ಚು ನೆಲದ ಮೇಲೆ, ಆಕಾಶದಲ್ಲಿ. ಸುತ್ತಮುತ್ತ ಕುರಿ, ಕುದುರೆ ಮೇಯಿಸಿಕೊಂಡು ಹಾಲು, ಮಾಂಸ ಉಂಡು ಬದುಕುವ ಜನ. ಅವರ ಆರೋಗ್ಯ ನೋಡಲು ಒಂದು ಆಸ್ಪತ್ರೆ ತೆರೆದರು. ಬೋರ್ಡಿನಲ್ಲಿ ಬರೆದದ್ದು ಬ್ರೂಸೆಲ್ಲೋಸಿಸ್ ಚಿಕಿತ್ಸೆ ಅಂತ, ಅಂದರೆ ದನಕುರಿಗಳಿಂದ ಬರುವ ಒಂದು ಜ್ವರ. ಅಲ್ಲಿ ಆರೋಗ್ಯ ಪರೀಕ್ಷೆ ಮಾಡಿಸಿಕೊಂಡವರಿಗೇ ತಮ್ಮನ್ನು ಯಾಕೆ ಪರೀಕ್ಷಿಸುತ್ತಿದ್ದಾರೆ ಅಂತ ಗೊತ್ತಿರಲಿಲ್ಲ.

ಈಗ ಹಲ್ಲಿನ ವಿಷಯ. ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು.

ಸ್ಟ್ರಾಂಷಿಯಂ-90ರ ಅರ್ಧ ಆಯುಷ್ಯ ಸುಮಾರು 29 ವರ್ಷ. ಅದು ಅಯೋಡಿನ್ ತರಹ ಬೇಗ ಹೋಗುವುದಲ್ಲ, ಬೆಳೆಯುವ ಮೂಳೆಯೊಳಗೆ ಕೂತು ಪಕ್ಕದ ಅಸ್ಥಿಮಜ್ಜೆಗೆ ವಿಕಿರಣ ಹೊಡೆಯುತ್ತಾ ಇರುತ್ತದೆ. ಲ್ಯುಕೇಮಿಯಾ, ಮೂಳೆ ಕ್ಯಾನ್ಸರ್ ಭಯ ಇರುವುದು ಇಲ್ಲೇ. ಆದರೆ ಬದುಕಿರುವ ಮಗುವಿನ ಮೂಳೆ ತೆಗೆದು ನೋಡಲು ಆಗುತ್ತದೆಯೇ? 1958ರಲ್ಲಿ ಹರ್ಮನ್ ಕಾಲ್ಕರ್ ಅನ್ನುವ ಜೀವರಸಾಯನ ವಿಜ್ಞಾನಿ ಒಂದು ಉಪಾಯ ಬರೆದರು. ಮಕ್ಕಳ ಹಾಲುಹಲ್ಲು ಹೇಗೂ ಬಿದ್ದುಹೋಗುತ್ತವೆ, ಅವನ್ನೇ ಕೂಡಿಸಿ ಅಳೆಯಿರಿ. ಹಾಲುಹಲ್ಲಿನ ಮೇಲ್ಭಾಗ ಕಟ್ಟುವುದು ಮಗು ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಮೊದಲ ವರ್ಷದಲ್ಲಿ. ಹಾಗಾಗಿ ಆರೇಳು ವರ್ಷಕ್ಕೆ ಬಿದ್ದ ಹಲ್ಲಿನಲ್ಲಿ ಆ ಮಗು ಹುಟ್ಟಿದ ವರ್ಷ ಊಟದಲ್ಲಿ ಎಷ್ಟು ಸ್ಟ್ರಾಂಷಿಯಂ ಇತ್ತು ಅನ್ನುವ ದಾಖಲೆ ಇರುತ್ತದೆ.

ಅದೇ ವರ್ಷದ ಕೊನೆಗೆ ಸೇಂಟ್ ಲೂಯಿಸ್ ನಗರದಲ್ಲಿ ಕೆಲಸ ಶುರುವಾಯಿತು. ಡಾಕ್ಟರ್ ಲೂಯಿಸ್ ರೈಸ್ ಅನ್ನುವ ಮಹಿಳೆ ಅದರ ನೇತೃತ್ವ ವಹಿಸಿದರು, ಜೊತೆಗೆ ಬ್ಯಾರಿ ಕಾಮನರ್ ತರಹದ ವಿಜ್ಞಾನಿಗಳು, ಊರಿನ ನಾಗರಿಕರ ಸಮಿತಿ. ಶಾಲೆಗಳಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ಲೈಬ್ರರಿಗಳಲ್ಲಿ ಫಾರಂ ಹಂಚಿದರು. ಮಗು ಹುಟ್ಟಿದ್ದು ಯಾವಾಗ, ಬಸುರಿಯಿದ್ದಾಗ ತಾಯಿ ಎಲ್ಲಿದ್ದರು, ಮಗುವಿಗೆ ಎದೆಹಾಲಾ ಬಾಟಲಿ ಹಾಲಾ, ಎಷ್ಟು ತಿಂಗಳು, ಎಲ್ಲ ಬರೆದು ಹಲ್ಲಿನ ಜೊತೆ ಕಳಿಸಬೇಕು. ಹಲ್ಲು ಕಳಿಸಿದ ಮಗುವಿಗೆ 'ನಾನು ವಿಜ್ಞಾನಕ್ಕೆ ನನ್ನ ಹಲ್ಲು ಕೊಟ್ಟೆ' ಅಂತ ಬರೆದ ಬ್ಯಾಡ್ಜ್ ಬರುತ್ತಿತ್ತು. ಬಂದ ಹಲ್ಲುಗಳನ್ನು ಕೂತು ವಿಂಗಡಿಸಿ, ಪಟ್ಟಿ ಮಾಡಿದವರಲ್ಲಿ ಸ್ವಯಂಸೇವಕಿಯರೇ ಜಾಸ್ತಿ. ಒಂದು ಹಲ್ಲಿನಲ್ಲಿ ಸಿಗುವ ಸ್ಟ್ರಾಂಷಿಯಂ ತೀರಾ ಕಡಿಮೆ, ಹಾಗಾಗಿ ಒಂದೇ ಸಮಯದಲ್ಲಿ ಹುಟ್ಟಿದ ಮಕ್ಕಳ ಹಲ್ಲುಗಳನ್ನು ಒಟ್ಟಿಗೆ ಪುಡಿ ಮಾಡಿ ಅಳೆಯುತ್ತಿದ್ದರು. 1970ರ ಹೊತ್ತಿಗೆ ಮೂರು ಲಕ್ಷಕ್ಕೂ ಹೆಚ್ಚು ಹಲ್ಲು ಬಂದವು!

ಮೊದಲ ಫಲಿತಾಂಶ 1961ರ ನವೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಪರೀಕ್ಷೆಗಳು ಏರಿದಂತೆ ಹಲ್ಲಿನ ಸ್ಟ್ರಾಂಷಿಯಂ ಏರಿತ್ತು, ಬಾಟಲಿ ಹಾಲು ಕುಡಿದವರಲ್ಲಿ ಇನ್ನೂ ಜಾಸ್ತಿ. ಮುಂದೆ ನೋಡಿದಾಗ 1963ರಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ 1950ರಲ್ಲಿ ಹುಟ್ಟಿದವರಿಗಿಂತ ಸುಮಾರು 50 ಪಟ್ಟು ಇತ್ತು. 1961ರ ನವೆಂಬರ್ 1ರಂದು ಅಮೆರಿಕದ ಹತ್ತಾರು ಊರುಗಳಲ್ಲಿ ಸಾವಿರಾರು ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದರು. ನಮ್ಮ ಮಕ್ಕಳ ಹಾಲಿಗೆ ವಿಷ ಹಾಕಬೇಡಿ ಅನ್ನುವುದು ಅವರ ಕೂಗು. ಅಮೆರಿಕದ ರಸಾಯನ ವಿಜ್ಞಾನಿ ಲೀನಸ್ ಪೌಲಿಂಗ್ ಸಾವಿರಾರು ವಿಜ್ಞಾನಿಗಳ ಸಹಿ ಹಾಕಿಸಿ ವಿಶ್ವಸಂಸ್ಥೆಗೆ ಅದಾಗಲೇ ಮನವಿ ಕೊಟ್ಟಿದ್ದರು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸಹಿ ಹಾಕಿದವು, ಇನ್ನು ಮೇಲೆ ತಮ್ಮ ಪರೀಕ್ಷೆ ನೆಲದಡಿಯಲ್ಲಿ ಮಾತ್ರ ಅಂತ. ಮೂರು ದಿನಕ್ಕೆ ಭಾರತವೂ ಸಹಿ ಹಾಕಿತು. ಆಮೇಲೆ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾಂಷಿಯಂ ಇಳಿಯತೊಡಗಿತು. ಒಪ್ಪಂದಕ್ಕೆ ರಾಜಕೀಯ ಕಾರಣಗಳು ಬೇರೆಯೂ ಇದ್ದವು, ಅಮೆರಿಕ-ಸೋವಿಯತ್ ನಡುವೆ ಅಣುಯುದ್ಧದ ಭಯ ಹುಟ್ಟಿಸಿದ್ದ ಕ್ಯೂಬಾ ಬಿಕ್ಕಟ್ಟು ಆಗಷ್ಟೇ ಮುಗಿದಿತ್ತು. ಆದರೆ ಅಮೆರಿಕದ ಅಧ್ಯಕ್ಷ ಕೆನಡಿ ತನ್ನ ಜನರಿಗೆ ಟಿವಿಯಲ್ಲಿ ಒಪ್ಪಂದ ವಿವರಿಸುವಾಗ ಮಕ್ಕಳ ಮೂಳೆಯ ಕ್ಯಾನ್ಸರ್ ಬಗ್ಗೆ, ರಕ್ತದ ಲ್ಯುಕೇಮಿಯಾ ಬಗ್ಗೆ ಹೇಳಿದರು. ಆ ಮಾತು ಅವರ ಬಾಯಿಗೆ ಬರುವಂತೆ ಮಾಡಿದವರು ಹಾಲು, ಹಲ್ಲು ಅಳೆದವರೇ ಅಂತ ನಾನು ನಂಬುತ್ತೇನೆ.

ಇನ್ನು ಪ್ರಶ್ನೆಗಳು.

ಒಬ್ಬ ಮೇಷ್ಟ್ರು ಕೇಳಿದರು, ಹಾಗಾದರೆ ಆಗ ಹಾಲು ಬಿಟ್ಟುಬಿಡುವುದೇ ಒಳ್ಳೆಯದಿತ್ತಾ ಅಂತ. ಒಳ್ಳೆ ಪ್ರಶ್ನೆ. ಅಯೋಡಿನ್ ವಿಷಯದಲ್ಲಿ ತಾಜಾ ಹಾಲು ಅಪಾಯ. ಸ್ಟ್ರಾಂಷಿಯಂ ವಿಷಯದಲ್ಲಿ ಬೇರೆ ಲೆಕ್ಕ. ಹಸುವಿನ ದೇಹ ಕ್ಯಾಲ್ಸಿಯಂ ಅನ್ನು ಹಾಲಿಗೆ ಕಳಿಸಿದಷ್ಟು ಸುಲಭವಾಗಿ ಸ್ಟ್ರಾಂಷಿಯಂ ಅನ್ನು ಕಳಿಸುವುದಿಲ್ಲ, ಬಹುಪಾಲನ್ನು ತಡೆಯುತ್ತದೆ. ಕಾಳಿನಲ್ಲಿ ಆ ತಡೆ ಇಲ್ಲ. ಧೂಳು ತೆನೆಯ ಮೇಲೆ ನೇರ ಬೀಳುತ್ತದೆ, ಹೊಟ್ಟಿನಲ್ಲಿ ಉಳಿಯುತ್ತದೆ. ಹಾಗಾಗಿ ಹಾಲು ಕಡಿಮೆ, ಧಾನ್ಯ ಜಾಸ್ತಿ ಉಣ್ಣುವ ಏಷ್ಯಾದ ಜನರ ಮೂಳೆಗೆ ಏನಾಗುತ್ತದೆ ಅನ್ನುವ ಪ್ರಶ್ನೆ ವಿಶ್ವಸಂಸ್ಥೆಯ ವಿಕಿರಣ ಸಮಿತಿಯ ಮುಂದೆಯೂ ಬಂದಿತ್ತು. ಭಾರತ ಆ ಸಮಿತಿಯಲ್ಲಿ ಮೊದಲಿನಿಂದ ಇತ್ತು. ಹಾಲು ಬಿಡಿ ಅಂತ ಯಾರಾದರೂ ಆಗ ಹೇಳಿದ್ದರೆ ಮಕ್ಕಳಿಗೆ ಕ್ಯಾಲ್ಸಿಯಂ ತಪ್ಪಿ ಇನ್ನೂ ಕೆಡುಕಾಗುತ್ತಿತ್ತು.

ಈಗಿನ ಊಟದಲ್ಲಿ ಅದು ಇದೆಯಾ ಅಂತ ಒಬ್ಬ ಹುಡುಗಿ ಕೇಳಿದಳು. ಇದೆ, ಬಹಳ ಕಡಿಮೆ. 2021ರಲ್ಲಿ ಅಮೆರಿಕದ ಪೂರ್ವ ಭಾಗದ ಜೇನುತುಪ್ಪ ಅಳೆದಾಗ 122 ಮಾದರಿಗಳಲ್ಲಿ 68ರಲ್ಲಿ ಬಾಂಬ್ ಪರೀಕ್ಷೆ ಕಾಲದ ಸೀಸಿಯಂ ಸಿಕ್ಕಿತು. ಮಣ್ಣಿನಲ್ಲಿ ಪೊಟ್ಯಾಸಿಯಂ ಕಡಿಮೆ ಇರುವ ಕಡೆ ಗಿಡ ಸೀಸಿಯಂ ಎಳೆದುಕೊಳ್ಳುತ್ತದೆ, ಅದು ಹೂವಿಗೆ, ಮಕರಂದಕ್ಕೆ, ಜೇನಿಗೆ ಬರುತ್ತದೆ. ಬಿಕಿನಿಯ ತೆಂಗಿನಕಾಯಿಯಲ್ಲಿ ಆಗಿದ್ದೂ ಇದೇ. ಆ ಜೇನು ತಿಂದರೆ ಅಪಾಯ ಇಲ್ಲ. ನಾವು ದಿನಾ ತಿನ್ನುವ ಬಾಳೆಹಣ್ಣಿನಲ್ಲೂ ಸಹಜ ವಿಕಿರಣ ಇದೆ. ಹೆದರಿ ಊಟ ಬಿಡುವ ಕಾರಣ ಏನೂ ಇಲ್ಲ.

ಕಾರವಾರದ ಕಡೆಯವರೊಬ್ಬರು ಕೈಗಾ ಬಗ್ಗೆ ಕೇಳಿದರು. ಕೈಗಾ ವಿದ್ಯುತ್ ಸ್ಥಾವರ, ಬಾಂಬ್ ಪರೀಕ್ಷೆ ಅಲ್ಲ, ಎರಡನ್ನೂ ಕಲಸಬಾರದು. ಆದರೆ ಅಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ, ಸುತ್ತಲಿನ ಹಾಲು, ನೀರು, ಮೀನು, ಬೆಳೆಗಳಲ್ಲಿ ವಿಕಿರಣ ಅಳೆಯುವುದೇ ಅದರ ಕೆಲಸ. ಆ ಅಂಕಿಗಳು ಸುತ್ತಲಿನ ಹಳ್ಳಿಗಳ ಪಂಚಾಯಿತಿ ಗೋಡೆಯ ಮೇಲೆ, ಕನ್ನಡದಲ್ಲಿ, ಹೊತ್ತುಹೊತ್ತಿಗೆ ಅಂಟಬೇಕು ಅಂತ ನಾನು ಬಯಸುತ್ತೇನೆ. ಎಲ್ಲ ಸರಿ ಇದ್ದಾಗಲೇ ಅಂಟಬೇಕು, ಆಗ ತಪ್ಪಿದ ದಿನ ಜನ ನಂಬುತ್ತಾರೆ.

ಅಕಸ್ಮಾತ್ ಎಲ್ಲಾದರೂ ಅಂಥದ್ದೇನಾದರೂ ಆದರೆ ಏನು ಮಾಡಬೇಕು ಅಂತಲೂ ಅವರು ಕೇಳಿದರು. ಚೆರ್ನೋಬಿಲ್ ಆದಾಗ ಪೋಲೆಂಡ್‌ನಲ್ಲಿ ಕೆಲವೇ ದಿನದಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ವಿಕಿರಣ ಇಲ್ಲದ ಅಯೋಡಿನ್ ಕುಡಿಸಿದರು, ಅದು ಮೊದಲೇ ಥೈರಾಯ್ಡ್ ತುಂಬಿದರೆ ವಿಕಿರಣದ ಅಯೋಡಿನ್‌ಗೆ ಅಲ್ಲಿ ಜಾಗ ಸಿಗುವುದಿಲ್ಲ ಅಂತ. ಬೆಲಾರುಸ್, ಉಕ್ರೇನ್‌ನ ಹಳ್ಳಿಗಳಲ್ಲಿ ಮಕ್ಕಳು ಮೊದಲ ದಿನಗಳಲ್ಲಿ ಅದೇ ತಾಜಾ ಹಾಲು ಕುಡಿಯುತ್ತಾ ಇದ್ದರು. ಅವರಲ್ಲಿ ಮುಂದೆ ಸಾವಿರಾರು ಜನಕ್ಕೆ ಥೈರಾಯ್ಡ್ ಕ್ಯಾನ್ಸರ್ ಬಂತು. ಹಾಗಾಗಿ ಹೊರಗಿನ ತಾಜಾ ಹಾಲು, ಸೊಪ್ಪು ಕೆಲವು ವಾರ ಬೇಡ. ಧೂಳು ಬೀಳುವ ಮೊದಲೇ ಪ್ಯಾಕ್ ಆದ ಹಾಲಿನ ಪುಡಿ, ಮನೆಯೊಳಗಿನ ದವಸ ಬಳಸಬಹುದು. ದನಕ್ಕೆ ಮುಚ್ಚಿಟ್ಟ ಒಣಹುಲ್ಲು, ಮುಚ್ಚಿದ ತೊಟ್ಟಿಯ ನೀರು. ಅಯೋಡಿನ್ ಮಾತ್ರೆಯನ್ನು ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಬೇಕು, ಮೊದಲು ಮಕ್ಕಳಿಗೆ, ಬಸುರಿಯರಿಗೆ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಮಾತ್ರ ಯಾವ ಕಾರಣಕ್ಕೂ ಕುಡಿಯಬೇಡಿ, ಅದು ವಿಷ.